ದರ್ಬೆಗೆ ಬಂದ ಸಮುದ್ರ

ನನ್ನ ಗಂಡ ಹಲ್ಲಿನ ಡಾಕ್ಟರು. ಪುತ್ತೂರಿನ ದರ್ಬೆಯಲ್ಲಿ, ಮುಖ್ಯ ರಸ್ತೆಗೆ ತಾಗಿಕೊಂಡ ಕಟ್ಟಡದ ನೆಲಮಹಡಿಯಲ್ಲಿ ಅವರ ಕ್ಲಿನಿಕ್ ಇದೆ. ಒಂದು ಹಲ್ಲನ್ನು ಕೀಳಬೇಕೋ ಉಳಿಸಬೇಕೋ ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸುವ ಈ ಮನುಷ್ಯ, ಒಂದು ಮೀನಿನ ತೊಟ್ಟಿಯನ್ನು ಯಾವ ವಿಧಾನದಲ್ಲಿ ನಡೆಸಬೇಕು ಎಂದು ತೀರ್ಮಾನಿಸಲು ಒಂದೂವರೆ ವರ್ಷ ತೆಗೆದುಕೊಂಡರು. ಆ ಒಂದೂವರೆ ವರ್ಷವೂ ನಾನು ಅವರ ಜೊತೆ ಒಂದೇ ಮನೆಯಲ್ಲಿ ವಾಸವಾಗಿದ್ದೆ ಎಂಬುದನ್ನು ಓದುವವರು ನೆನಪಿಟ್ಟುಕೊಂಡರೆ ನನ್ನ ಮಾತಿನ ಖಾರಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಶುರುವಾದದ್ದು ಕೊಚ್ಚಿಯಲ್ಲಿ. ಹಲ್ಲಿನ ಡಾಕ್ಟರುಗಳ ಸಮ್ಮೇಳನಕ್ಕೆ ಹೋದವರು ಉಳಿದುಕೊಂಡಿದ್ದ ಹೋಟೆಲಿನ ಲಾಬಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ನೋಡಿದರಂತೆ. ಒಳಗೆ ಹವಳ, ಹವಳದ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೀನು. ವಾಪಸು ಬಂದಾಗ ಅವರ ಮೊಬೈಲಿನಲ್ಲಿ ಸಮ್ಮೇಳನದ ಒಂದೇ ಒಂದು ಫೋಟೋ ಇತ್ತು, ಅದೂ ಊಟದ್ದು. ಉಳಿದವೆಲ್ಲ ಆ ತೊಟ್ಟಿಯದ್ದು.

"ಕಾಯುವ ರೋಗಿಗಳಿಗೆ ಹೆದರಿಕೆ ಹೋಗ್ತದೆ" ಎಂದರು.

"ಹೆದರಿಕೆ ಹೋಗ್ಬೇಕಾದ್ರೆ ಒಳಗಿಂದ ಆ ಡ್ರಿಲ್ಲಿನ ಶಬ್ದ ಕೇಳದ ಹಾಗೆ ಮಾಡಿ ಮಾರಾಯ್ರೆ" ಎಂದೆ ನಾನು. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಮನೆಯಲ್ಲಿ ನನ್ನ ಸಲಹೆಯನ್ನು ಕೇಳಿಸಿಕೊಳ್ಳುವ ಸಂಪ್ರದಾಯ ಇಲ್ಲ.

ಎರಡು ತಿಂಗಳೊಳಗೆ ನಾಲ್ಕೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ಕಬ್ಬಿಣದ ಸ್ಟ್ಯಾಂಡಿನ ಸಮೇತ, ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಏಕೆಂದರೆ ನೀರು ಹಾಕುವ ಮೊದಲು ವಿಧಾನ ತೀರ್ಮಾನವಾಗಬೇಕಿತ್ತು. ಹವಳದ ತೊಟ್ಟಿ ಎಂದರೆ ಒಂದು ವಾರದ ಆಟವಲ್ಲ, ಹತ್ತು ವರ್ಷದ ಸಂಸಾರ, ಆದ್ದರಿಂದ ಬುನಾದಿಯಲ್ಲಿ ತಪ್ಪಬಾರದು ಎಂದು ನನ್ನ ಗಂಡ ಹೇಳುತ್ತಿದ್ದರು. ನನ್ನನ್ನು ಮದುವೆಯಾಗುವ ಮೊದಲು ಅವರು ಯೋಚಿಸಿದ್ದು ಹನ್ನೊಂದು ದಿನ.

ವಿಧಾನಗಳು ಎರಡು. ಒಂದು ಯಂತ್ರದ ದಾರಿ. ನೀರಿನ ಕೊಳೆಯನ್ನು ನೊರೆ ಮಾಡಿ ಎತ್ತಿ ಹಾಕುವುದಕ್ಕೊಂದು ಯಂತ್ರ, ಹವಳ ಬೆಳೆಯಲು ಬೇಕಾದ ಸುಣ್ಣದಂಶವನ್ನು ಹನಿಹನಿಯಾಗಿ ಬಿಡುವುದಕ್ಕೊಂದು, ನೀರು ಬಿಸಿಯಾಗದ ಹಾಗೆ ನೋಡಿಕೊಳ್ಳುವುದಕ್ಕೊಂದು, ಮತ್ತು ಈ ಎಲ್ಲ ಯಂತ್ರಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ಕಾಯುವುದಕ್ಕೆ ಮತ್ತೊಂದು ಯಂತ್ರ. ಇನ್ನೊಂದು ಪ್ರಕೃತಿಯ ದಾರಿ. ದಪ್ಪ ಮರಳಿನ ಹಾಸು, ಸೂಕ್ಷ್ಮಜೀವಿಗಳು ಮನೆ ಮಾಡಿದ ಕಲ್ಲು, ಮೂಲೆಯಲ್ಲಿ ಒಂದಿಷ್ಟು ಪಾಚಿ, ಕಡಿಮೆ ಮೀನು, ಜಾಸ್ತಿ ತಾಳ್ಮೆ. ಈ ಎರಡು ಪಕ್ಷಗಳ ನಡುವೆ ಜಗಳ ನಡೆಯುವ ಒಂದು ವಾಟ್ಸಾಪ್ ಗುಂಪಿಗೆ ನನ್ನ ಗಂಡ ಸೇರಿಕೊಂಡರು. ಅದರಲ್ಲಿದ್ದ ಅರ್ಧ ಜನರ ಮನೆಯಲ್ಲಿ ತೊಟ್ಟಿಯೇ ಇರಲಿಲ್ಲ. ಅವರ ಅಭಿಪ್ರಾಯಗಳು ಮಾತ್ರ ಉಳಿದ ಅರ್ಧದವರಿಗಿಂತ ಗಟ್ಟಿಯಾಗಿದ್ದವು.

ಸೋಮವಾರ ಯಂತ್ರಪಕ್ಷದಲ್ಲಿದ್ದವರು ಗುರುವಾರ ಪ್ರಕೃತಿಪಕ್ಷಕ್ಕೆ ಹೋಗಿರುತ್ತಿದ್ದರು. ಮಳೆಗಾಲದಲ್ಲಿ ಕರೆಂಟು ಹೋದ ದಿನಗಳಲ್ಲಿ ಪ್ರಕೃತಿಯ ಮೇಲೆ ವಿಶೇಷ ಭಕ್ತಿ ಬರುತ್ತಿತ್ತು. ರೋಗಿಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಒಮ್ಮೆ ನಾನು ಕಾಲೇಜಿನಿಂದ ನೇರ ಕ್ಲಿನಿಕ್ಕಿಗೆ ಹೋದಾಗ, ದವಡೆ ಊದಿದ ಹೆಂಗಸೊಬ್ಬರು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಬಾಯಿ ತುಂಬ ಹತ್ತಿ. ಡಾಕ್ಟರು ಅವರಿಗೆ ಮರಳಿನ ಹಾಸಿನ ಮಹತ್ವ ವಿವರಿಸಿ, "ನೀವಾದ್ರೆ ಯಾವುದು ಮಾಡ್ತಿದ್ರಿ?" ಎಂದು ಕೇಳಿದರು. ಅವರು "ಅಂ" ಎಂದರು. ಅದನ್ನು ಪ್ರಕೃತಿಪಕ್ಷದ ಮತವೆಂದು ಲೆಕ್ಕ ಹಿಡಿಯಲಾಯಿತು.

ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳಲು ಕೂರುವವರು ಕಡಬದ ಕಡೆಯವರು, ಹದಿನೈದು ವರ್ಷದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಅವರು ಖಾಲಿ ತೊಟ್ಟಿಯಲ್ಲಿ ಮೊದಲು ತಮ್ಮ ಕೊಡೆ ಇಟ್ಟರು. ಆಮೇಲೆ ಹಳೆಯ ಎಕ್ಸ್‌ರೇ ಲಕೋಟೆಗಳು, ಆಮೇಲೆ ಊಟದ ಬುತ್ತಿ. ನನ್ನ ಗಂಡ ಆಕ್ಷೇಪಿಸಿದಾಗ, "ಮೀನು ಬರುವವರೆಗೆ ಜಾಗ ಯಾಕೆ ಹಾಳು ಮಾಡುದು ಡಾಕ್ಟ್ರೆ? ಧೂಳು ಬೀಳ್ತದೆ, ಅದಕ್ಕೆ ಇಟ್ಟದ್ದು" ಎಂದರು.

ಹೀಗಿರುವಾಗ ಯಾರೋ ಜಾಲ್ಸೂರಿನವರೊಬ್ಬರ ವಿಷಯ ಹೇಳಿದರು. ಅವರು ಗಲ್ಫಿನಲ್ಲಿ ಒಂದು ಮಾಲ್‌ನ ದೊಡ್ಡ ಅಕ್ವೇರಿಯಂ ನೋಡಿಕೊಳ್ಳುವ ಕೆಲಸ ಮಾಡಿ ಊರಿಗೆ ವಾಪಸಾದವರು. ಈಗ ರಸ್ತೆಬದಿಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ, ಮನೆಯ ಜಗಲಿಯಲ್ಲಿ ಒಂದು ಉಪ್ಪುನೀರಿನ ತೊಟ್ಟಿ ಉಂಟು ಎಂದು. ನನ್ನ ತವರುಮನೆ ಸುಳ್ಯದ ಹತ್ತಿರದ ಅಜ್ಜಾವರ. ಒಂದು ಭಾನುವಾರ ತವರಿಗೆ ಹೋಗುವ ದಾರಿಯಲ್ಲಿ ಜಾಲ್ಸೂರಿನಲ್ಲಿ ಇಳಿದೆವು.

ಆ ತೊಟ್ಟಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಕಲ್ಲುಗಳ ಮೇಲೆಲ್ಲ ಅಂಗಿಯ ಗುಂಡಿಯಷ್ಟು ದೊಡ್ಡ ಮೆತ್ತನೆಯ ಹವಳಗಳು, ಹಸಿರು, ನೇರಳೆ, ಪ್ರತಿಯೊಂದರ ಅಂಚಿಗೂ ರೆಪ್ಪೆಯಂಥ ಎಳೆಗಳು. ನೀರು ಬೀಸಿದ ಕಡೆಗೆ ಅವೆಲ್ಲ ಒಟ್ಟಿಗೆ ಬಾಗುತ್ತಿದ್ದವು. ಹೆಬ್ಬೆರಳಿನಷ್ಟು ದೊಡ್ಡ ಒಂದು ತುಂಡಿನಿಂದ ಆರು ವರ್ಷದಲ್ಲಿ ಇಷ್ಟಾದದ್ದು ಎಂದರು.

ನನ್ನ ಗಂಡ ಚೀಲದಿಂದ ನೋಟ್‌ಬುಕ್ ತೆಗೆದು, ಕಲ್ಲಿನಂತೆ ಗಟ್ಟಿಯಾಗಿ ಕವಲೊಡೆಯುವ ಹವಳಗಳಿಗೆ ಸುಣ್ಣದಂಶ ಒದಗಿಸುವ ಎರಡು ಕ್ರಮಗಳಲ್ಲಿ ಯಾವುದು ಮೇಲು ಎಂದು ಕೇಳಿದರು. ಏಳು ತಿಂಗಳಿನಿಂದ ಗುಂಪಿನಲ್ಲಿ ನಡೆಯುತ್ತಿದ್ದ ಮಹಾಯುದ್ಧ ಅದೇ.

ಜಾಲ್ಸೂರಿನವರು ಅವರನ್ನು ಕರುಣೆಯಿಂದ ನೋಡಿದರು. "ಡಾಕ್ಟ್ರೆ, ಆ ಜಾತಿ ಹವಳ ನಮ್ಮಲ್ಲಿ ಮನೆಯಲ್ಲಿ ಇಡ್ಲಿಕ್ಕಿಲ್ಲ. ಹುಲಿಗೆ ಉಂಟಲ್ಲ ಕಾನೂನು, ಅದೇ ಅದಕ್ಕೂ. ಹುಲಿ ಸಾಂಕಿದ ಹಾಗೆ ಆಗ್ತದೆ."

ನನ್ನ ಗಂಡ ನೋಟ್‌ಬುಕ್ಕಿನ ಹನ್ನೆರಡು ಪುಟಗಳನ್ನು ಮೆಲ್ಲ ಹಿಂದಕ್ಕೆ ಮಗುಚಿದರು. ನಾನು ಹವಳಗಳನ್ನು ನೋಡುವವಳಂತೆ ಆಚೆ ತಿರುಗಿದೆ. ನಗು ತಡೆಯಲಿಕ್ಕೆ ಬೇರೆ ದಾರಿ ಇರಲಿಲ್ಲ.

"ಹಾಗಾದ್ರೆ ನಿಮ್ಮದು ಯಾವ ವಿಧಾನ?" ಎಂದು ಕೊನೆಗೆ ಕೇಳಿದರು.

"ಎಂತ ವಿಧಾನ. ಬೆಳಿಗ್ಗೆ ನೋಡುದು, ಸಂಜೆ ನೋಡುದು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲು ಮಾಡುದು. ಯಾವುದು ಒಳ್ಳೆದು ಅಂತ ಕೇಳ್ಬೇಡಿ ಡಾಕ್ಟ್ರೆ. ನಿಮಗೆ ಮನಸ್ಸಿಲ್ಲದ ದಿವಸ ಸಹ ನಿಮ್ಮಿಂದ ಮಾಡ್ಲಿಕ್ಕೆ ಆಗುದು ಯಾವುದು ಅಂತ ನೋಡಿ. ಅದನ್ನೇ ಮಾಡಿ." ಮತ್ತೆ, ನಾವು ಎದ್ದು ಹೊರಡುವಾಗ, "ತೊಟ್ಟಿಗೆ ಅಂತಲೇ ಸಿಗುವ ಉಪ್ಪಿನ ಪುಡಿ ಕಲಸಿದ ನೀರೇ ಸಾಕು. ಸಮುದ್ರದ್ದೇ ಬೇಕಾದ್ರೆ ಹೊಸ ಕ್ಯಾನಿನಲ್ಲಿ ತನ್ನಿ" ಎಂದರು. ಆಗ ನನ್ನ ಗಂಡ ಕಾರಿನ ಕೀ ಹುಡುಕುತ್ತಿದ್ದರು. ಕೇಳಿಸಿಕೊಂಡವಳು ನಾನು.

ಕಾರಿನಲ್ಲಿ ಕೂತ ಮೇಲೆ ನನ್ನ ಗಂಡ, "ನೋಡು, ಅವರದ್ದು ಶುದ್ಧ ಪ್ರಕೃತಿಯ ವಿಧಾನ" ಎಂದರು. ಅಡುಗೆಮನೆಯ ಬಲ್ಬು ಬದಲಿಸಲು ವಾರಕ್ಕೊಮ್ಮೆ ಹೇಳಿದರೂ ಮರೆಯುವ ಈ ಮನುಷ್ಯ, ಆ ಮಾತಿನಿಂದ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಿದ್ದರು.

ಅಜ್ಜಾವರದಲ್ಲಿ ಊಟಕ್ಕೆ ಕೂತಾಗ ವಿಷಯ ಅಪ್ಪನ ಕಿವಿಗೆ ಬಿತ್ತು. ನಮ್ಮ ಮನೆಮಾತು ಅರೆಭಾಷೆ. ಅಳಿಯನ ಎದುರು ಮಾತ್ರ ಅಪ್ಪ ಕನ್ನಡದಲ್ಲೇ ಮಾತಾಡುತ್ತಾರೆ, ಸ್ವಲ್ಪ ಸಭೆಯ ಧಾಟಿಯಲ್ಲಿ. "ಸಮುದ್ರದ ನೀರಲ್ವಾ ಬೇಕಾದ್ದು? ಅದಕ್ಕೆ ಪುಡಿ ಯಾಕೆ ಕಲಸುದು? ನಮ್ಮ ಪಿಕಪ್ಪು ಕಾಯಿ ತಕ್ಕೊಂಡು ಕಾಸರಗೋಡಿಗೆ ಹೋಗ್ತದೆ. ಬರುವಾಗ ಖಾಲಿಯೇ ಬರುದು. ಎಷ್ಟು ಡ್ರಮ್ಮು ಬೇಕು ಹೇಳಿ."

ಅಳಿಯನ ಮುಖ ಅರಳಿತು. ಪುಡಿ ಕಲಸಿದ ನೀರಿಗಿಂತ ಸಾಕ್ಷಾತ್ ಸಮುದ್ರ. ಇದಕ್ಕಿಂತ ಪ್ರಾಕೃತಿಕವಾದದ್ದು ಯಾವುದು? ಒಂದೂವರೆ ವರ್ಷದ ಚರ್ಚೆ ನನ್ನ ಅಪ್ಪನ ಪಿಕಪ್ಪಿನಿಂದ ಮುಗಿಯಿತು. ನಾಲ್ಕು ದಿನ ಬಿಟ್ಟು ಅಪ್ಪನಿಗೆ ಫೋನ್ ಮಾಡಿ ನಾನೇ ನೆನಪಿಸಿದೆ, ಚೆನ್ನಾಗಿ ತೊಳೆದ ಡ್ರಮ್ಮಿನಲ್ಲಿ ತರಬೇಕು ಎಂದು. ಹೊಸದು ಎಂದು ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಡ್ರಮ್ಮು ಇರುವಾಗ ಇನ್ನೊಂದು ಡ್ರಮ್ಮು ತರುವ ಮಾತು ಆಡಿದವರನ್ನು ಯಾರೂ ಮೆಚ್ಚುವುದಿಲ್ಲ.

ಸಮುದ್ರ ದರ್ಬೆಗೆ ಬಂದ ದಿನ ರಸ್ತೆಯಲ್ಲಿ ಸಣ್ಣ ಗುಂಪೇ ಸೇರಿತು. ಐದು ನೀಲಿ ಡ್ರಮ್ಮು. ಪಕ್ಕದ ಅಂಗಡಿಯವರೊಬ್ಬರು ಬೆರಳು ಅದ್ದಿ ನಾಲಿಗೆಗೆ ತಾಗಿಸಿ, "ಉಪ್ಪು ಸರಿ ಉಂಟು" ಎಂದು ಪ್ರಮಾಣಪತ್ರ ಕೊಟ್ಟರು. ಕಡಬದವರು ಕೊಡೆ, ಲಕೋಟೆ, ಬುತ್ತಿ ಎಲ್ಲ ತೆಗೆದು ತೊಟ್ಟಿ ಖಾಲಿ ಮಾಡಿಕೊಟ್ಟರು. ಅವರ ಮುಖ ನೋಡಿದರೆ ಬಾಡಿಗೆಮನೆ ಬಿಡಿಸಿದ ಹಾಗಿತ್ತು. ಖಾಲಿಯಾದ ಡ್ರಮ್ಮುಗಳನ್ನು ಅಪ್ಪ ಮುಂದಿನ ಸಲಕ್ಕೆಂದು ಕ್ಲಿನಿಕ್ಕಿನ ಹಿತ್ತಿಲಿನಲ್ಲೇ ಬಿಟ್ಟು ಹೋದರು.

ಆರು ವಾರ ನೀರು ಹದವಾಗಲು ಬಿಟ್ಟೆವು. ಆಮೇಲೆ ಎರಡು ಕಿತ್ತಳೆ ಮೀನು ಬಂದವು, ಚುರುಕಾಗಿಯೇ ಇದ್ದವು. ಒಂದು ಬೆಳಿಗ್ಗೆ ಜಾಲ್ಸೂರಿನವರು ಅಂಗಡಿ ಮುಚ್ಚಿ, ತೊಡೆಯ ಮೇಲೆ ಥರ್ಮಾಕೋಲ್ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅದರೊಳಗೆ ಹತ್ತು ಬಸವನಹುಳು, ಅವರ ತೊಟ್ಟಿಯಿಂದಲೇ ಬಿಡಿಸಿದ ಮೂರು ತುಂಡು ಹವಳ. ಅಂಗಿಯ ತೋಳು ಮಡಚಿ, ಒಂದೊಂದನ್ನೇ ಕಲ್ಲಿನ ಮೇಲೆ ಕೂರಿಸಿದರು. ಅವು ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಬಿಚ್ಚಿಕೊಂಡವು. ಹಲ್ಲುನೋವಿನವರೆಲ್ಲ ಎದ್ದು ಬಂದು ನೋಡಿದರು. ನನ್ನ ಗಂಡ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದ ರೀತಿ ನೋಡಿದರೆ, ಹವಳವನ್ನು ಅವರೇ ಹೆತ್ತದ್ದು ಎನ್ನಬೇಕು.

ಮೂರನೆಯ ದಿನ ಕಡಬದವರು ನನಗೆ ಫೋನ್ ಮಾಡಿದರು. "ಮೇಡಂ, ಹುಳಗಳೆಲ್ಲ ಅಂಗಾತ ಬಿದ್ದಿವೆ. ನಾನು ಎತ್ತಿ ಸರಿ ಮಾಡಿ ಇಟ್ಟೆ, ಮತ್ತೆ ಬಿದ್ದವು. ಡಾಕ್ಟ್ರು ವಿಶ್ರಾಂತಿ ತಕ್ಕೊಳ್ತಿವೆ ಅಂತಾರೆ."

ವಿಶ್ರಾಂತಿ ಮುಗಿಯಲಿಲ್ಲ. ಹವಳದ ಗುಂಡಿಗಳು ಮುಚ್ಚಿಕೊಂಡು, ಕುಗ್ಗಿ, ಒಂದು ವಾರದೊಳಗೆ ನೆನೆದ ಕಾಗದದ ಹಾಗೆ ಕರಗಿ ಹೋದವು. ಮೀನುಗಳು ಮಾತ್ರ ಏನೂ ಆಗದ ಹಾಗೆ ಈಜುತ್ತಿದ್ದವು. ನನ್ನ ಗಂಡ ಆ ಭಾನುವಾರ ಇಡೀ ದಿನ ಕೂತು ಗುಂಪಿಗೆ ಒಂದು ಲೇಖನ ಬರೆದರು, 'ಪ್ರಕೃತಿ ವಿಧಾನ: ಒಂದು ಭ್ರಮನಿರಸನ' ಎಂಬ ತಲೆಬರಹದಲ್ಲಿ. ಯಂತ್ರಪಕ್ಷದವರು ಹಬ್ಬ ಮಾಡಿದರು. ಪ್ರಕೃತಿಪಕ್ಷದವರು ಮರಳಿನ ದಪ್ಪ ಸಾಲದೆ ಹೋಯಿತು ಎಂದರು. ಹುಳ ಹೇಗೆ ಸತ್ತಿತು ಎಂದು ಇನ್ನೂರು ಮೆಸೇಜುಗಳಲ್ಲಿ ಒಬ್ಬರೂ ಕೇಳಲಿಲ್ಲ.

ಒಳಗೊಳಗೆ ನನಗೂ ಸ್ವಲ್ಪ ಖುಷಿಯಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹೇಳಿದ್ದೆನಲ್ಲ ಎಂದು ಹೇಳುವ ಅವಕಾಶ ಮದುವೆಯಾದವರಿಗೆ ಸುಮ್ಮನೆ ಸಿಗುವುದಿಲ್ಲ. ಆ ಖುಷಿ ಮಂಗಳವಾರದವರೆಗೆ ಇತ್ತು. ಮಂಗಳವಾರ ಕ್ಲಿನಿಕ್ಕಿನ ಹಿತ್ತಿಲಿಗೆ ಕೈ ತೊಳೆಯಲು ಹೋದವಳು, ಬಿಸಿಲಿನಲ್ಲಿ ಅಡ್ಡ ಮಲಗಿಸಿದ್ದ ಡ್ರಮ್ಮೊಂದರ ಬಾಯಿ ನೋಡಿದೆ. ಸುರುಳಿ ಮುಚ್ಚಳ ಕೂರುವ ಸಂದಿಯಲ್ಲಿ ಹಸಿರು ಮಿಶ್ರಿತ ನೀಲಿಯ ಹಕ್ಕಳೆ ಗಟ್ಟಿಯಾಗಿ ಅಂಟಿತ್ತು.

ಆ ಬಣ್ಣ ನನಗೆ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುತ್ತಾರಲ್ಲ, ಸುಣ್ಣದ ನೀರಿಗೆ ಬೆರೆಸುವ ಮೈಲುತುತ್ತು, ಅದರ ಬಣ್ಣ. ಚಿಕ್ಕಂದಿನಲ್ಲಿ ಅಪ್ಪನ ಅಂಗಿಯಲ್ಲಿ, ಉಗುರಿನ ಬುಡದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಣುತ್ತಿದ್ದ ಬಣ್ಣ. ಪಿನ್ನಿನಿಂದ ಕೆರೆದು ಒಂದು ಕಾಗದದಲ್ಲಿ ಕಟ್ಟಿಕೊಂಡು ಮರುದಿನ ಕಾಲೇಜಿನ ಲ್ಯಾಬಿಗೆ ಒಯ್ದೆ. ಆಮ್ಲದಲ್ಲಿ ಕರಗಿಸಿ ಅಮೋನಿಯಾ ಹಾಕಿದೆ. ಕೊಳವೆಯ ತುಂಬ ಗಾಢ ನೀಲಿ. ಪ್ರತಿವರ್ಷ ಇದೇ ಬಣ್ಣ ತೋರಿಸಿ ಮಕ್ಕಳಿಂದ 'ತಾಮ್ರ' ಎಂದು ಬರೆಸುವವಳು ನಾನು. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಹುಳ, ಹವಳಗಳು ತಡೆದುಕೊಳ್ಳುವುದಿಲ್ಲ. ಕೊಳವೆಯನ್ನು ತೊಳೆದಿಟ್ಟು, ಆ ದಿನ ಯಾರಿಗೂ ಏನೂ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಅಪ್ಪನ ಡ್ರಮ್ಮು ಎಂದು ಹೇಳಬೇಕಾಗುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ.

ಶುಕ್ರವಾರ ತಿಂಡಿಯ ಹೊತ್ತಿಗೆ ಹೇಳಿದೆ. ನನ್ನ ಗಂಡ ನೀರುದೋಸೆ ಕೈಯಲ್ಲೇ ಹಿಡಿದು ಕೇಳಿದರು. ನಾನು ಸಿಟ್ಟನ್ನು ನಿರೀಕ್ಷಿಸಿದ್ದೆ. ಅವರ ಮುಖದಲ್ಲಿ ಬಂದದ್ದು ಬೆಳಕು.

"ಅಂದ್ರೆ ವಿಧಾನದ್ದು ತಪ್ಪಿಲ್ಲ" ಎಂದರು.

ಹತ್ತು ಹುಳ, ಮೂರು ತುಂಡು ಹವಳ ಸತ್ತಿದ್ದವು, ಸಿದ್ಧಾಂತ ಬದುಕಿತ್ತು. ದೋಸೆ ಮುಗಿಸುವ ಮೊದಲೇ ಮೊಬೈಲ್ ಎತ್ತಿ ಹೊಸ ಲೇಖನ ಶುರುಮಾಡಿದರು. ನನ್ನ ಅಪ್ಪನನ್ನು ಅದೇ ಉಸಿರಿನಲ್ಲಿ ಕ್ಷಮಿಸಿಬಿಟ್ಟರು. ನನ್ನನ್ನು ಕ್ಷಮಿಸಲಿಕ್ಕೆ ಏನಾದರೂ ಉಂಟು ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಫೋನಿನಲ್ಲಿ ವಿಷಯ ಕೇಳಿದ ಅಪ್ಪ ಮೊದಲು, "ಮೂರು ಸಲ ತೊಳೆದದ್ದು" ಎಂದರು. ಸೋಮವಾರ ಬೆಳಿಗ್ಗೆ ಬಸ್ಸು ಹಿಡಿದು ಅವರೇ ಬಂದರು. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ರೋಗಿಗಳ ನಡುವೆ ಒಬ್ಬ ರೋಗಿಯ ಹಾಗೆ ತುಂಬ ಹೊತ್ತು ಕೂತರು.

"ಎಷ್ಟು ವರ್ಷ ಅದರಲ್ಲಿ ಕೈ ಅದ್ದಿದ್ದೇನೆ. ನನಗೆ ಎಂತ ಸಹ ಆಗ್ಲಿಲ್ಲ" ಎಂದರು ಅಳಿಯನಿಗೆ. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ, "ತೋಟದಲ್ಲಿ ಬಸವನಹುಳು ಜಾಸ್ತಿ ಆದ್ರೆ ಸಾಯ್ಲಿಕ್ಕೆ ನಾವು ಮೈಲುತುತ್ತೇ ಹಾಕುದು. ಅದು ಗೊತ್ತಿತ್ತಲ್ಲ ನನಗೆ" ಎಂದರು. ಮಧ್ಯಾಹ್ನ ಊಟಕ್ಕೆ ಕರೆದರೂ ನಿಲ್ಲದೆ ಹೋದರು.

ಇನ್ನು ಉಳಿದದ್ದು ಜಾಲ್ಸೂರು. ಫೋನಿನಲ್ಲಿ ಹೇಳಿ ಮುಗಿಸುವ ಎಂದರು ನನ್ನ ಗಂಡ. ಬೇಡ, ಹೋಗುವ ಎಂದೆ. ಅವರು ಅಂಗಡಿಯಲ್ಲಿ ಪೈಪು ಕತ್ತರಿಸುತ್ತಿದ್ದರು. ನನ್ನ ಗಂಡ ಡ್ರಮ್ಮಿನ ಕಥೆಯನ್ನು ಒಂದು ಪ್ರಬಂಧದ ಹಾಗೆ, ಕಾರಣ, ಪರಿಣಾಮ, ಸಮಾರೋಪ ಸಮೇತ ಹೇಳಿದರು. ಅವರು ಗರಗಸ ಕೆಳಗಿಟ್ಟು, "ಕ್ಯಾನು ಹೊಸದು ತನ್ನಿ ಅಂತ ನಾನು ಹೇಳಿರ್ಲಿಲ್ವಾ?" ಎಂದು ಕೇಳಿದರು.

"ನನಗೆ ಹೇಳಿಲ್ಲ" ಎಂದರು ನನ್ನ ಗಂಡ, ಪ್ರಾಮಾಣಿಕವಾಗಿ.

"ನನಗೆ ಹೇಳಿದ್ರು" ಎಂದೆ. "ನಾನು ಕೇಳಿದ್ದೆ. ಅಪ್ಪನಿಗೆ ತೊಳೆದದ್ದು ತನ್ನಿ ಅಂತ ಹೇಳಿದ್ದು ನಾನೇ."

ನನ್ನ ಗಂಡ ನನ್ನನ್ನು ನೋಡಿದರು. ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು, ಅಡಿಕೆ ತೋಟದಲ್ಲಿ ಬೆಳೆದವಳು, ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತೆ ಎಂದು ಒಂದೂವರೆ ವರ್ಷ ಇನ್ನೊಬ್ಬರನ್ನು ನೋಡಿ ನಕ್ಕವಳು ಪೈಪುಗಳ ನಡುವೆ ನಿಂತಿದ್ದೆ.

"ಹುಳ ಎಷ್ಟು ಹೋಯ್ತು?" ಎಂದು ಕೇಳಿದರು ಜಾಲ್ಸೂರಿನವರು.

"ಹತ್ತೂ."

ತಲೆಯಾಡಿಸಿದರು. ಇನ್ನೊಂದು ತುಂಡು ಹವಳ ಸಿಗಬಹುದೇ ಎಂದು ನನ್ನ ಗಂಡ ಕೇಳಿದಾಗ ಮಾತ್ರ ಅವರ ದನಿ ಸ್ವಲ್ಪ ಗಟ್ಟಿಯಾಯಿತು. "ಇಲ್ಲ ಡಾಕ್ಟ್ರೆ. ತಾಮ್ರ ಆ ಕಲ್ಲಿಗೆ, ಗಾಜಿನ ಅಂಟಿಗೆಲ್ಲ ಹಿಡಿದಿರ್ತದೆ. ನೀರು ಬದಲು ಮಾಡಿದ್ರೆ ಹೋಗುದಿಲ್ಲ. ನಿಮಗೆ ಮೀನು ಸಾಕು." ಎಂದು ಹೇಳಿ ಮತ್ತೆ ಪೈಪು ಹಿಡಿದರು. ಚಾ ಕುಡಿಯಿರಿ ಎನ್ನಲಿಲ್ಲ. ನಮ್ಮ ಕಡೆ ಹಾಗೆ ಕಳಿಸುವುದೆಂದರೆ ಬೈದದ್ದಕ್ಕಿಂತ ಹೆಚ್ಚು.

ಪುತ್ತೂರಿಗೆ ಬಂದು ಮನೆಯ ಮೆಟ್ಟಿಲು ಹತ್ತುವಾಗ ನನ್ನ ಗಂಡ, "ನೀನು ಮೊದಲೇ ಹೇಳ್ಬಹುದಿತ್ತು" ಎಂದರು. ಹೌದು ಎಂದೆ. ಅಷ್ಟೇ. ಅವರ ಜಾಗದಲ್ಲಿ ನಾನಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹೀಗೆ ನಮ್ಮ ತೊಟ್ಟಿಯ ದೀರ್ಘಕಾಲದ ವಿಧಾನ ತೀರ್ಮಾನವಾಯಿತು: ಹವಳವಿಲ್ಲ, ಬರೀ ಮೀನು, ಪುಡಿ ಕಲಸಿದ ನೀರು. ದಿನಾ ಆರಿಹೋದಷ್ಟು ಸಿಹಿನೀರು ತುಂಬಿಸುವುದು ಕಡಬದವರು. ಯಾರೂ ಅವರಿಗೆ ಒಪ್ಪಿಸಿದ್ದಲ್ಲ. ದಿನಾ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವವರು ಅವರೊಬ್ಬರೇ, ಆದ್ದರಿಂದ ಕೆಲಸ ತಾನಾಗಿ ಅವರ ಕೈಗೆ ಹೋಯಿತು. ಗಾಜಿನ ಮೇಲೆ ಒಂದು ಗೆರೆ ಎಳೆದುಕೊಂಡಿದ್ದಾರೆ, ಅಲ್ಲಿಯವರೆಗೆ ನೀರು. ಮೀನಿಗೆ ಎರಡು ಚಿಟಿಕೆ ಆಹಾರ, ರೋಗಿಗಳು ಕೊಡಲು ಬಂದರೆ ಗದರಿಕೆ. ಡಾಕ್ಟರು ಗುಂಪಿನಲ್ಲಿ ಈಗಲೂ ಬರೆಯುತ್ತಾರೆ, ಹೊಸಬರಿಗೆ ವಿಧಾನ ಆರಿಸುವ ಬಗ್ಗೆ ಮಾರ್ಗದರ್ಶನ ಮಾಡುತ್ತಾರೆ. ಅನುಭವಿಗಳು ಎಂದು ಹೆಸರಾಗಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ಜಾಲ್ಸೂರಿನವರು ಕ್ಲಿನಿಕ್ಕಿಗೆ ಬಂದರು. ದವಡೆ ಹಲ್ಲು ಬಿರುಕು ಬಿಟ್ಟಿತ್ತು. ನಾನು ಆ ಸಂಜೆ ಅಲ್ಲೇ ಇದ್ದೆ. ಅವರ ಸರದಿ ಬರುವವರೆಗೆ ಕೆನ್ನೆ ಹಿಡಿದುಕೊಂಡು ತೊಟ್ಟಿಯ ಮುಂದೆ ನಿಂತಿದ್ದರು. ಎರಡು ಮೀನು ನಾಲ್ಕಾಗಿದ್ದವು. ಗಾಜು ಸ್ವಚ್ಛವಾಗಿತ್ತು.

"ಯಾರು ನೋಡಿಕೊಳ್ಳುದು ಇದನ್ನು?" ಎಂದು ಕೇಳಿದರು.

"ನಾನು" ಎಂದರು ಕಡಬದವರು, ಪುಸ್ತಕದಿಂದ ತಲೆಯೆತ್ತದೆ.

"ಒಳ್ಳೆದುಂಟು" ಎಂದು ಹೇಳಿ ಅವರು ಒಳಗೆ ಹೋದರು. ನನ್ನ ಗಂಡ ಆ ಹಲ್ಲನ್ನು ನೋಡಿ ಅರ್ಧ ನಿಮಿಷದಲ್ಲಿ ಉಳಿಸಬಹುದು ಎಂದರು, ಉಳಿಸಿದರು.